ಉಪವಾಸ ಅಲ್ಲ, ಒಪ್ಪತ್ತು

ಕೊರೋನಾದ ಗದ್ದಲ ಅಡಗಿ ಒಂದು ವರ್ಷ ಕಳೆದಿತ್ತು. ನಾನಾಗ ಆಂಧ್ರದೊಳಗಿನ ಹೊಳಗುಂದದ ಕಡೆಯ, ಕನ್ನಡ ಮಾತಾಡುವ ಗಡಿಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್. ಸರ್ವಿಸ್ಸಿಗೆ ಸೇರಿ ಮೂವತ್ತೊಂದು ವರ್ಷ ಮುಗಿದಿತ್ತು, ನಿವೃತ್ತಿಗೆ ಎರಡು ವರ್ಷ ಬಾಕಿ. ಫಾರ್ಮಸಿಸ್ಟ್ ಎಂದರೆ ಡಾಕ್ಟರು ಬರೆದ ಮಾತ್ರೆಯನ್ನು ಕಿಟಕಿಯಿಂದ ಕೊಡುವವನು ಎಂದಷ್ಟೇ ಜನ ತಿಳಿದಿರುತ್ತಾರೆ. ಕೊಡುವುದೇನೂ ದೊಡ್ಡದಲ್ಲ. ಯಾವಾಗ ನುಂಗಬೇಕು, ಯಾವಾಗ ನುಂಗಬಾರದು ಎಂಬುದನ್ನು ಕಿಟಕಿಯ ಆಚೆ ನಿಂತವರ ತಲೆಗೆ ಇಳಿಸುವುದೇ ಕೆಲಸ. ಆ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಈ ಘಟನೆ ನಡೆದ ಮನೆಯವರು ಇನ್ನೂ ಅಲ್ಲಿಯೇ ಇದ್ದಾರೆ. ಅವರ ಹೆಸರುಗಳನ್ನೂ ಬದಲಿಸಿದ್ದೇನೆ.

ನಮ್ಮ ಕಡೆ ಹಬ್ಬದ ಸೀಸನ್ ಶುರುವಾಗುವುದು ಶ್ರಾವಣಕ್ಕೆ. ಅಲ್ಲಿಂದ ದೀಪಾವಳಿಯ ತನಕ ಬಿಡುವಿಲ್ಲ. ಶ್ರಾವಣವೆಂದರೆ ಹತ್ತಿರದ ಉರುಕುಂದದ ದೇವರು ಈರಣ್ಣಸ್ವಾಮಿಯ ತಿಂಗಳು, ಮನೆಗೊಂದಾದರೂ ಹರಕೆ ಇರುತ್ತದೆ. ಮಾತ್ರೆ ಕೊಡುವವರಿಗೆ ಇದು ತಲೆನೋವಿನ ಕಾಲ. ಪಂಚಮಿಯ ಉಂಡಿ ತಿಂದು ಶುಗರನ್ನು ಮುನ್ನೂರು ದಾಟಿಸಿಕೊಂಡು ಬರುವವರು ಕೆಲವರಾದರೆ, ದೇವರ ಹೆಸರಿನಲ್ಲಿ ಹೊಟ್ಟೆ ಕಟ್ಟಿ, ಮಾತ್ರೆಯನ್ನು ಮಾತ್ರ ಬಿಡದೆ ನುಂಗಿ, ತಲೆ ತಿರುಗಿ ಬೀಳುವವರು ಇನ್ನು ಕೆಲವರು. ಈ ಎರಡನೆಯವರ ಪಾಡು ಹೆಚ್ಚು ಅಪಾಯದ್ದು. ಶುಗರ್‌ಗೆ ಕೊಡುವ ಗ್ಲಿಮಿಪಿರೈಡ್ ಎಂಬ ಮಾತ್ರೆ ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ರಕ್ತದಲ್ಲಿರುವ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಸಕ್ಕರೆ ತೀರಾ ಇಳಿದರೆ ಬೆವರು, ನಡುಕ, ಅಸಂಬದ್ಧ ಮಾತು, ಕೊನೆಗೆ ಎಚ್ಚರ ತಪ್ಪುವುದು. ಇದನ್ನೇ ಲೋ ಶುಗರ್ ಎನ್ನುತ್ತೇವೆ.

ಆ ವರ್ಷ ನಮ್ಮ ಕೇಂದ್ರಕ್ಕೆ ಕರಾವಳಿ ಆಂಧ್ರದಿಂದ ಹೊಸ ಡಾಕ್ಟರಮ್ಮ ಬಂದಿದ್ದರು. ಚಿಕ್ಕ ವಯಸ್ಸು, ಚುರುಕು, ಕನ್ನಡ ಬಾರದು. ಶ್ರಾವಣಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ನನ್ನನ್ನು ಕರೆದು, ಶುಗರ್ ಇರುವವರಲ್ಲಿ ಯಾರು ಫಾಸ್ಟಿಂಗ್ ಮಾಡುತ್ತಾರೋ ಮೊದಲೇ ಕೇಳಿ ಬರೆದಿಡಿ, ಅಂಥವರ ಮಾತ್ರೆಯ ಹೊತ್ತು ಬದಲಿಸೋಣ ಎಂದರು. ಒಳ್ಳೆಯ ಯೋಚನೆ. ನಾನು ಖುಷಿಯಾಗಿ ರಿಜಿಸ್ಟರಿನಲ್ಲಿ ಸ್ಕೇಲು ಹಿಡಿದು ಹೊಸ ಕಾಲಂ ಗೀಚಿದೆ. ತಲೆಬರಹ ‘ಉಪವಾಸ’. ಕೆಳಗೆ ಹೌದು ಅಥವಾ ಇಲ್ಲ. ಜೊತೆಗೆ ಕಿಟಕಿಯ ಪಕ್ಕದಲ್ಲಿ ತೆಲುಗು, ಕನ್ನಡ ಎರಡರಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: ಹಬ್ಬದಲ್ಲಿ ಸಿಹಿ ಬಿಡಿ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ಆರೋಗ್ಯವಾಗಿರಿ. ಅಕ್ಷರ ದುಂಡಗೆ ಬಂದಿದೆ ಎಂದು ಎರಡು ಸಲ ಹೊರಗೆ ಹೋಗಿ ನೋಡಿ ಬಂದಿದ್ದೆ.

ಗುರುವಾರ ಶುಗರಿನವರ ದಿನ. ಆ ಗುರುವಾರ ಕ್ಯೂನಲ್ಲಿ ಮೂರನೆಯವಳಾಗಿ ನಿಂತಿದ್ದವಳು ಉರುಕುಂದಮ್ಮ. ಅರವತ್ತೆರಡು ವರ್ಷ. ಗಂಡ ಇದ್ದಾಗ ಕುರಿ ಸಾಕಿದವಳು, ಈಗ ಮಗ ಸೊಸೆಯ ಜೊತೆ ಇದ್ದು ಊರಿನವರಿಗೆ ಕೌದಿ ಹೊಲಿದುಕೊಡುತ್ತಿದ್ದಳು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಅವಳು ಹಾಕುವ ಹೊಲಿಗೆ ನೋಡಿದರೆ ಮೆಷಿನ್ನೇ ನಾಚಬೇಕು. ಮಾತು ಮಾತ್ರ ಸೂಜಿಗಿಂತ ಚೂಪು. ನನಗಿಂತ ಎರಡು ಮೂರು ವರ್ಷ ದೊಡ್ಡವಳು, ನಾನು ಅಕ್ಕಾ ಎನ್ನುತ್ತಿದ್ದೆ. ಅವಳು ನನ್ನನ್ನು ಗುಳಿಗಿ ಸಾರ್ ಎಂದು ಕರೆಯುತ್ತಿದ್ದಳು. ಒಂದು ಸಂಗತಿ ಹೇಳಲೇಬೇಕು. ನನ್ನ ಪೇಷಂಟುಗಳಲ್ಲಿ ಒಂದು ದಿನವೂ ಮಾತ್ರೆ ತಪ್ಪಿಸದೆ ನುಂಗುತ್ತಿದ್ದವಳು ಅವಳೊಬ್ಬಳೇ.

‘ಅಕ್ಕಾ, ಶ್ರಾವಣದಾಗ ಉಪವಾಸ ಮಾಡ್ತಿಯೇನು?’ ಎಂದು ಕೇಳಿದೆ.

‘ಇಲ್ಲ್ರಿ ಸಾರ್. ಉಪಾಸ ನನಗ ತಡಿಯಂಗಿಲ್ಲ, ಕಣ್ಣಿಗೆ ಕತ್ತಲಿ ಬರತೈತಿ.’

‘ಹಂಗಾರ ಗುಳಿಗಿ ದಿನಾ ಇದ್ದಂಗ. ಮುಂಜಾನಿದ್ದು ಮುಂಜಾನಿಗೆ, ಸಂಜಿದ್ದು ಸಂಜಿಗೆ. ಹೊತ್ತು ತಪ್ಪಿಸಬ್ಯಾಡ.’

‘ಹೊತ್ತು ತಪ್ಪಿಸಿದ್ರ ನೀವು ಬಿಡ್ತಿರೇನು? ನಿಮ್ಮ ಬೈಗಳ ಸಲುವಾಗೇ ನುಂಗಾಕತ್ತೀನಿ’ ಎಂದು ನಕ್ಕಳು.

ನಾನೂ ನಕ್ಕೆ. ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದೆ. ಆ ದಿನ ಐವತ್ತಕ್ಕೂ ಹೆಚ್ಚು ಮಂದಿಗೆ ಇದೇ ಪ್ರಶ್ನೆ ಕೇಳಿದೆ. ಹೌದು ಎಂದವರು ನಾಲ್ಕೇ ನಾಲ್ಕು ಜನ. ಶ್ರಾವಣದಲ್ಲಿ, ಅದೂ ಉರುಕುಂದಕ್ಕೆ ಇಷ್ಟು ಹತ್ತಿರದ ಊರಿನಲ್ಲಿ, ನಾಲ್ಕೇ ಜನವೇ ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಬೋರ್ಡು ಓದಿ ಜನಕ್ಕೆ ಬುದ್ಧಿ ಬಂದಿದೆ ಎಂದು ಬೀಗಿದೆ.

ಶ್ರಾವಣ ಬಂತು, ಪಂಚಮಿಯೂ ಆಯಿತು. ಅದರ ಮುಂದಿನ ಗುರುವಾರ ಉರುಕುಂದಮ್ಮನ ಶುಗರ್ ನೋಡಿದರೆ ಇನ್ನೂರ ಅರವತ್ತು. ಹಿಂದಿನ ತಿಂಗಳು ನೂರ ಐವತ್ತರ ಹತ್ತಿರ ಇದ್ದದ್ದು. ಕೈಲಿದ್ದ ಪೆನ್ನನ್ನು ಮೇಜಿಗೆ ಕುಕ್ಕಿದೆ.

‘ಏನು ತಿಂದಿ ಅಕ್ಕಾ?’

‘ಉಂಡಿ ಒಂದೆರಡು ತಿಂದಿದ್ನಿರಿ, ಮಧ್ಯಾಹ್ನ ಹಸಿವಾಗತೈತಿ ಅಂತ. ಮಗಳು ಕಟ್ಟಿ ಕಳಿಸಿದ್ಲು.’

‘ಹಸಿವಾದ್ರ ಉಂಡಿ ತಿಂತಾರೇನು? ಗೋಡಿ ಮ್ಯಾಲೆ ಬರದು ಹಾಕೇನಿ, ಸಿಹಿ ಮುಟ್ಟಬ್ಯಾಡ್ರಿ ಅಂತ. ಇನ್ನ ಮ್ಯಾಲೆ ಒಂದು ಉಂಡಿ ಬಾಯಾಗ ಹಾಕ್ಕೊಂಡಿ ಅಂದ್ರ ನನ್ನ ಹತ್ರ ಗುಳಿಗಿಗೆ ಬರಬ್ಯಾಡ.’

ಎಲ್ಲರ ಎದುರು ಹಾಗೆ ಬೈದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಡಾಕ್ಟರಮ್ಮ ಚೀಟಿ ನೋಡಿದರು, ರಿಜಿಸ್ಟರ್ ನೋಡಿದರು, ಉಪವಾಸ ‘ಇಲ್ಲ’ ಎಂದಿತ್ತು. ಬೆಳಗಿನ ಗ್ಲಿಮಿಪಿರೈಡನ್ನು ಒಂದು ಮಿಲಿಗ್ರಾಮಿನಿಂದ ಎರಡಕ್ಕೆ ಏರಿಸಿದರು. ಆ ಹೊಸ ಮಾತ್ರೆಯನ್ನು ಕವರಿಗೆ ಹಾಕಿ, ಬೆಳಗಿನ ಗುರುತಿಗೆ ಸೂರ್ಯನ ಚಿತ್ರ ಬರೆದು, ಅವಳ ಕೈಗಿಟ್ಟವನು ನಾನು. ಅವರ ಚೀಟಿಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ನಾನು ಬರೆದುಕೊಂಡಿದ್ದ ಆ ಒಂದು ಪದದಲ್ಲಿ.

ಮರುದಿನ ಶುಕ್ರವಾರ, ವರಮಹಾಲಕ್ಷ್ಮಿ ವ್ರತ. ರಜೆ. ಡಾಕ್ಟರಮ್ಮ ಊರಿಗೆ ಹೋಗಿದ್ದರು, ಹೆರಿಗೆ ಬಂದರೆ ಇರಲಿ ಎಂದು ಸ್ಟಾಫ್ ನರ್ಸ್ ಒಬ್ಬರು ಡ್ಯೂಟಿಯಲ್ಲಿದ್ದರು. ನಾನು ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕುಳಿತು, ಊಟ ಮುಗಿಸಿ ಪೇಪರ್ ತಿರುವುತ್ತಿದ್ದೆ. ಮಧ್ಯಾಹ್ನ ಮೂರೂವರೆಗೆ ಉರುಕುಂದಮ್ಮನ ಸೊಸೆ ಭಾಗ್ಯ ಓಡೋಡಿ ಬಂದಳು. ಹಬ್ಬದ ಹೊಸ ಸೀರೆ, ಬರಿಗಾಲು.

‘ಸಾರ್, ಅತ್ತಿ ಏಳವಲ್ಲಳ್ರಿ. ಎಷ್ಟು ಅಲ್ಲಾಡಿಸಿದ್ರೂ ಏಳವಲ್ಲಳು.’

‘ಯಾವಾಗಿಂದ?’

‘ಹನ್ನೆರಡರ ಸುಮಾರಿಂದ್ರಿ. ಸ್ವಾಮಿ ಇಳದ ಮ್ಯಾಲೆ ಮಲಗ್ಯಾಳ.’

ನನಗೆ ಅರ್ಥವಾಗಲಿಲ್ಲ. ಗ್ಲುಕೋಮೀಟರ್ ಜೇಬಿಗೆ ಹಾಕಿಕೊಂಡು ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡೆ. ದಾರಿಯಲ್ಲಿ ಅವಳು ಬಿಕ್ಕುತ್ತಾ ಹೇಳಿದ್ದಿಷ್ಟು. ಬೆಳಿಗ್ಗೆ ಏಳಕ್ಕೆ ಅತ್ತೆ ಸ್ನಾನ ಮಾಡಿ ಹೊಸ ಗುಳಿಗೆ ನುಂಗಿದ್ದಾಳೆ. ಹನ್ನೊಂದಕ್ಕೆ ಬಾಗಿಲ ಮುಂದೆ ಸಾರಿಸುತ್ತಿದ್ದವಳು ಇದ್ದಕ್ಕಿದ್ದಂತೆ ಮೈಯೆಲ್ಲ ಬೆವತು, ಕೈಕಾಲು ಗಡಗಡ ನಡುಗಿ, ಸೊಸೆಯನ್ನು ನೋಡಿ ನೀ ಯಾರಾಕಿ ಎಂದಿದ್ದಾಳೆ. ಕಣ್ಣು ಒಂದೇ ಕಡೆ ನೆಟ್ಟಿವೆ, ಮಾತು ತೊದಲಿದೆ. ಸುತ್ತಲಿನ ಹೆಂಗಸರು ಬಂದರು. ಶ್ರಾವಣದ ಶುಕ್ರವಾರ, ಹರಕೆ ಹೊತ್ತವಳು, ಉರುಕುಂದಮ್ಮನ ಅತ್ತೆಗೂ ಹಿಂದೆ ಹೀಗೆಯೇ ಆಗುತ್ತಿತ್ತು. ಈರಣ್ಣಸ್ವಾಮಿ ಮೈಮೇಲೆ ಬಂದಿದ್ದಾನೆ ಎಂದರು. ಕುಂಕುಮ ಹಚ್ಚಿದರು, ಕಾಯಿ ಒಡೆದರು, ಮಳೆ ಯಾವಾಗ ಎಂದು ಕೇಳಿದರು. ಅವಳು ಏನೇನೋ ಅಂದಳಂತೆ. ಆಮೇಲೆ ಕುಸಿದು ಬಿದ್ದಾಗ, ಸ್ವಾಮಿ ಇಳಿದ, ದಣಿದಿದ್ದಾಳೆ, ಯಾರೂ ಮುಟ್ಟಬೇಡಿ ಎಂದು ಚಾಪೆಯ ಮೇಲೆ ಮಲಗಿಸಿ, ತಮ್ಮ ತಮ್ಮ ಮನೆಯ ಪೂಜೆಗೆ ಹೋದರು.

‘ನಾನೂ ಕೈ ಮುಗುದ್ನಿ ಸಾರ್’ ಎಂದಳು ಭಾಗ್ಯ. ‘ಆಕಿ ನಡಗಾಕತ್ತಿದ್ಲು, ನಾನು ಕೈ ಮುಗುದು ನಿಂತಿದ್ನಿ.’

ಮನೆಯೊಳಗೆ ಹೋಗಿ ಬೆರಳು ಚುಚ್ಚಿದೆ. ಶುಗರ್ ಇಪ್ಪತ್ತಕ್ಕಿಂತ ಕೆಳಗಿದ್ದರೆ ಆ ಮೀಟರು ಅಂಕಿಯನ್ನೇ ತೋರಿಸುವುದಿಲ್ಲ, ‘ಲೋ’ ಎಂಬ ಎರಡು ಇಂಗ್ಲಿಷ್ ಅಕ್ಷರ ಮೂಡಿಸಿ ಸುಮ್ಮನಾಗುತ್ತದೆ. ಸರ್ವಿಸ್ಸಿನಲ್ಲಿ ಅದನ್ನು ಮೂರೋ ನಾಲ್ಕೋ ಸಲ ನೋಡಿದ್ದೆ. ಎಚ್ಚರವಿಲ್ಲದವರಿಗೆ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ಒಂದು ಮಗ್ಗುಲಿಗೆ ಹೊರಳಿಸಿ, ಸಕ್ಕರೆಯನ್ನು ಒದ್ದೆ ಬೆರಳಿನಿಂದ ಒಸಡಿಗೆ ಸವರುವುದಷ್ಟೇ ನನ್ನಿಂದ ಆಗುವ ಕೆಲಸ. ಸಕ್ಕರೆ ತಾ ಎಂದೆ. ಭಾಗ್ಯ ಡಬ್ಬಿ ತಂದಳು, ತಂದವಳು ಕೊಡದೆ ಎದೆಗವಚಿಕೊಂಡು ನಿಂತಳು.

‘ಸಾರ್, ಇನ್ನ ದೀಪ ಹಚ್ಚಿಲ್ಲ್ರಿ. ಆಕಿಗೆ ಒಪ್ಪತ್ತು ಐತಿ.’

‘ಏನಂದಿ?’

‘ಒಪ್ಪತ್ತು ರೀ. ಶ್ರಾವಣ ಮುಗಿಯೋತನಕ. ಸಂಜಿಗೆ ದೀಪ ಹಚ್ಚಿದ ಮ್ಯಾಲೆ ಒಂದ ಊಟ.’

‘ಉಪವಾಸ ಇಲ್ಲ ಅಂದಿದ್ಲಲ್ಲವಾ ನನ್ನ ಮುಂದ!’ ಎಂದು ಕಿರುಚಿದೆ.

ಭಾಗ್ಯ ನನ್ನನ್ನೇ ದಿಟ್ಟಿಸಿದಳು. ನನಗೆ ಕನ್ನಡ ಬರುವುದಿಲ್ಲವೇ ಎಂಬಂತಿತ್ತು ಆ ನೋಟ.

‘ಉಪಾಸ ಎಲ್ಲೈತ್ರಿ ಸಾರ್? ಉಪಾಸ ಅಂದ್ರ ಏನೂ ಉಣ್ಣಂಗಿಲ್ಲ. ಇದು ಒಪ್ಪತ್ತು.’

ನಾನು ಅದೇ ಸೀಮೆಯಲ್ಲಿ ಹುಟ್ಟಿದವನು. ನನ್ನ ತಾಯಿ ಬದುಕಿರುವ ತನಕ ಶ್ರಾವಣದಲ್ಲಿ ಒಪ್ಪತ್ತು ಇದ್ದವಳು. ದಿನಕ್ಕೆ ಒಂದೇ ಊಟ, ನಡುವೆ ಬೇಕಾದರೆ ಬಾಳೆಹಣ್ಣೋ ಉಂಡಿಯೋ ಫಳಾರ. ಯಾರಾದರೂ ಅವಳನ್ನು ಉಪವಾಸವೇ ಎಂದು ಕೇಳಿದ್ದರೆ ಅವಳೂ ಇಲ್ಲ ಎಂದೇ ಹೇಳುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಕಿಟಕಿಯ ಈಚೆ ಕುಳಿತ ಮೇಲೆ ನಾನು ಡಾಕ್ಟರಮ್ಮನ ಫಾಸ್ಟಿಂಗನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಕೇಳಿದ್ದೆ. ಉರುಕುಂದಮ್ಮ ಕೇಳಿದ್ದಕ್ಕೆ ನಿಜವನ್ನೇ ಹೇಳಿದ್ದಳು. ಮೊದಲ ವಾರ ಅವಳನ್ನು ಉಳಿಸಿದ್ದು ಮಧ್ಯಾಹ್ನದ ಆ ಎರಡು ಉಂಡಿ. ಅದನ್ನೂ ನಾನೇ ಬೈದು ಬಿಡಿಸಿದ್ದೆ.

ಡಬ್ಬಿಯನ್ನು ಕಸಿದುಕೊಂಡೆ ಎಂದೇ ಹೇಳಬೇಕು. ಸಕ್ಕರೆ ಸವರಿದೆ, ನರ್ಸಿಗೆ ಫೋನ್ ಮಾಡಿದೆ, ಪಕ್ಕದ ಮನೆಯವರ ಆಟೋದಲ್ಲಿ ಮಲಗಿಸಿಕೊಂಡು ಹೊರಟೆವು. ಭಾಗ್ಯ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಾಮಿ ತಪ್ಪಾತೋ ಎಂದು ಗೊಣಗುತ್ತಲೇ ಇದ್ದಳು. ಯಾರ ತಪ್ಪು ಎಂದು ಆ ಆಟೋದಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ನರ್ಸ್ ಮೂರು ಕಡೆ ಚುಚ್ಚಿದ ಮೇಲೆ ನರ ಸಿಕ್ಕಿತು. ಗ್ಲುಕೋಸ್ ಏರಿಸಿದರು. ಲೋ ಶುಗರ್ ಆದವರು ಸೂಜಿ ಇನ್ನೂ ಕೈಯಲ್ಲಿರುವಾಗಲೇ ಕಣ್ಣು ಬಿಟ್ಟು, ನನ್ನನ್ನು ಇಲ್ಲಿಗೆ ಯಾಕೆ ತಂದಿರಿ ಎಂದು ಜಗಳ ಆಡುವುದನ್ನು ನಾನು ಕಣ್ಣಾರೆ ನೋಡಿದ್ದೆ. ಉರುಕುಂದಮ್ಮನೂ ಹಾಗೆಯೇ ಎದ್ದು ಕುಳಿತು ನನ್ನನ್ನು ಒಂದು ಮಾತು ಬೈಯಲಿ ಎಂದು ಮಂಚದ ಪಕ್ಕ ನಿಂತು ಕಾದೆ. ಮೀಟರಿನಲ್ಲಿ ನೂರ ನಲವತ್ತು ಬಂತು. ಅವಳು ಏಳಲಿಲ್ಲ. ಅಕ್ಕಾ ಎಂದು ಕರೆದೆ, ಕೆನ್ನೆ ತಟ್ಟಿದೆ, ಮತ್ತೆ ಕರೆದೆ. ಅಂಕಿ ಸರಿ ಇದೆ, ಆಕೆಗೆ ಎಚ್ಚರವಿಲ್ಲ. ನನ್ನ ಕಪಾಟಿನ ತುಂಬ ಔಷಧವಿತ್ತು, ಅವಳಿಗೆ ಕೊಡಲು ಒಂದೂ ಇರಲಿಲ್ಲ. ಅಷ್ಟು ಕೈಲಾಗದವನಾಗಿ ನಾನು ಯಾವತ್ತೂ ನಿಂತಿರಲಿಲ್ಲ.

ಆಂಬುಲೆನ್ಸಿನಲ್ಲಿ ಆದೋನಿಗೆ ಕಳಿಸಿದೆವು, ನಾನೂ ಜೊತೆಗೆ ಹೋದೆ. ಅವಳ ಮಗ ನರಸಪ್ಪ ಹೊಲದಿಂದ ನೇರ ಅಲ್ಲಿಗೇ ಬಂದ. ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಬಿಡದೆ ಗ್ಲುಕೋಸ್ ಹಾಕಿದರು. ಹಾಕುತ್ತಿದ್ದಂತೆ ಏರುವುದು, ನಿಲ್ಲಿಸಿದರೆ ಮತ್ತೆ ಇಳಿಯುವುದು. ಅವಳ ಕಿಡ್ನಿ ಸ್ವಲ್ಪ ಸೋತಿತ್ತು, ಮಾತ್ರೆ ಮೈಯಿಂದ ಹೊರಗೆ ಹೋಗುತ್ತಿರಲಿಲ್ಲ. ಮೂರನೆಯ ದಿನ, ನಾನು ಮತ್ತೆ ಅಲ್ಲಿಗೆ ಹೋಗಿದ್ದಾಗ, ಕಣ್ಣು ಬಿಟ್ಟಳು. ಮಗನನ್ನು ನೋಡಿದಳು, ಅವನ ಹೆಸರು ಬರಲಿಲ್ಲ. ಅಲ್ಲಿನ ಡಾಕ್ಟರು ನನಗೆ ವಿವರಿಸಿದರು: ಮಿದುಳಿಗೆ ಸಕ್ಕರೆಯೇ ಆಹಾರ, ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಅದು ಉಪವಾಸ ಬಿದ್ದಿದೆ, ಎಷ್ಟು ಮರಳುತ್ತದೋ ಹೇಳಲಾಗದು. ಆ ಉಪವಾಸ ಎಂಬ ಪದ ಅವರ ಬಾಯಿಂದ ಬಂದಾಗ ಮುಖ ತಿರುಗಿಸಿಕೊಂಡೆ.

ನರಸಪ್ಪನಿಗೆ ಅಲ್ಲಿಯೇ ವರಾಂಡದಲ್ಲಿ ಹೇಳಿಬಿಟ್ಟೆ. ಕೇಳಿದ್ದು ನಾನೇ, ತಪ್ಪು ಕೇಳಿದೆ ಎಂದೆ. ಅವನು ಬಡಿದಿದ್ದರೂ ಸಮಾಧಾನವಾಗುತ್ತಿತ್ತು.

‘ನೀವೇನು ಮಾಡ್ತೀರಿ ಸಾರ್. ನೀವು ಕೇಳಿದ್ರಿ, ಆಕಿ ಹೇಳಿದ್ಲು’ ಎಂದು ನನ್ನ ಕೈ ಹಿಡಿದುಕೊಂಡ.

ವಿಷಯ ಮೇಲಿನವರ ತನಕ ಹೋಯಿತು. ಅವರು ಬಂದು ರಿಜಿಸ್ಟರ್ ತೆರೆಸಿದರು. ಉಪವಾಸದ ಕಾಲಂ ಇದೆ, ಉತ್ತರ ಬರೆದಿದೆ, ಸಹಿ ಇದೆ. ಮೊದಲೇ ಕೇಳಿದ್ದೀರಿ, ನಿಮ್ಮದೇನೂ ಲೋಪವಿಲ್ಲ ಎಂದು ಬರೆದುಕೊಂಡು ಹೋದರು. ಡಾಕ್ಟರಮ್ಮ ಮಾತ್ರ ಕಾಲಂ ಮೇಲೆ ಬೆರಳಿಟ್ಟರು. ‘ಮಾ ವೈಪು ಕೂಡಾ ಒಕ್ಕಪೊದ್ದು ಅಂಟಾರಂಡಿ’ ಎಂದರು ತೆಲುಗಿನಲ್ಲಿ. ನಮ್ಮ ಕಡೆಯೂ ಒಕ್ಕಪೊದ್ದು, ಅಂದರೆ ಒಪ್ಪತ್ತು, ಎನ್ನುತ್ತಾರೆ ಎಂದು ಅದರ ಅರ್ಥ, ತನಗೂ ಹೊಳೆಯಲಿಲ್ಲವಲ್ಲ ಎಂಬುದು ಅದರ ಭಾವ.

ಅದಕ್ಕೂ ಮೊದಲೇ, ಅವಳನ್ನು ಆದೋನಿಗೆ ಸೇರಿಸಿದ ಮರುದಿನ ಶನಿವಾರ ಊರಿಗೆ ಬಂದು, ನಾನು ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ‘ಇಲ್ಲ’ ಎಂದವರ ಮನೆಗಳಿಗೆ ಹೋಗಿದ್ದೆ. ಈ ಸಲ ಉಪವಾಸದ ಹೆಸರೆತ್ತಲಿಲ್ಲ. ನಿನ್ನೆ ಮುಂಜಾನೆಯಿಂದ ಮಲಗುವ ತನಕ ಬಾಯಿಗೆ ಏನೇನು ಹಾಕಿಕೊಂಡಿರಿ, ಶ್ರಾವಣದ ಉಳಿದ ವಾರಗಳಲ್ಲಿ ಹೇಗೆ ಎಂದಷ್ಟೇ ಕೇಳಿದೆ. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಹೆಸರುಗಳ ಮುಂದೆ ‘ಇಲ್ಲ’ ಎಂಬುದನ್ನು ಹೊಡೆದು ಹಾಕಿದ್ದೆ. ಒಬ್ಬರು ಶನಿವಾರ ಮಾತ್ರ, ಒಬ್ಬರು ಸೋಮವಾರ ಮಾತ್ರ, ಉಳಿದವರು ತಿಂಗಳಿಡೀ ಒಪ್ಪತ್ತು. ಎಲ್ಲರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನನ್ನ ಗುಳಿಗೆ ನುಂಗುತ್ತಿದ್ದರು. ಒಬ್ಬಾಕೆ, ಮಧ್ಯಾಹ್ನ ಮೈ ಬೆವರುತ್ತದೆ, ಸ್ವಾಮಿಯ ಶಕ್ತಿ ಇರಬೇಕು ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ಅವರ ಮನೆಯ ಕಟ್ಟೆಯ ಮೇಲೆಯೇ ಕುಳಿತುಬಿಟ್ಟೆ. ಹತ್ತೊಂಬತ್ತು ಮಂದಿಯ ಮಾತ್ರೆಯ ಹೊತ್ತು ಬದಲಾಯಿತು. ಇಪ್ಪತ್ತನೆಯವಳು ಆದೋನಿಯಲ್ಲಿದ್ದಳು.

ಉರುಕುಂದಮ್ಮ ತಿಂಗಳ ಮೇಲೆ ಮನೆಗೆ ಬಂದಳು. ನಡೆಯುತ್ತಾಳೆ, ಕೂರುತ್ತಾಳೆ. ಮಗನ ಹೆಸರು ಒಮ್ಮೊಮ್ಮೆ ಬರುತ್ತದೆ. ಸೂಜಿ ಕೈಗೆ ಕೊಟ್ಟರೆ ಯಾವ ತುದಿ ಹಿಡಿಯಬೇಕೆಂದು ತಿಳಿಯದೆ ತಿರುಗಿಸುತ್ತಾಳೆ. ಮಾತ್ರೆ ಬದಲಾಗಿದೆ, ಶುಗರ್ ಹಿಡಿತದಲ್ಲಿದೆ. ನಾನು ಪ್ರತಿ ವಾರ ಹೋಗುತ್ತಿದ್ದೆ. ಮೀಟರ್ ಹಿಡಿದುಕೊಂಡು ಹೋಗುವುದು, ಅಂಕಿ ಬರೆದುಕೊಳ್ಳುವುದು, ಬರುವುದು. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಯಲ್ಲಿರಲಿಲ್ಲ. ಅವಳು ನನ್ನನ್ನು ಗುರುತಿಸಲೇ ಇಲ್ಲ, ಯಾರೋ ದೊಡ್ಡ ಸಾಹೇಬರು ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗುತ್ತಿರಲಿಲ್ಲ.

ನಿವೃತ್ತಿಗೆ ಮೊದಲಿನ ವಾರ ಹೋದಾಗ ಮಧ್ಯಾಹ್ನ ಒಂದು ಗಂಟೆ. ಶ್ರಾವಣ ಕಳೆದು ಎಷ್ಟೋ ತಿಂಗಳಾಗಿತ್ತು. ಭಾಗ್ಯ ತಟ್ಟೆಯಲ್ಲಿ ರೊಟ್ಟಿ ಹಾಕಿ ಅತ್ತೆಯ ಮುಂದಿಟ್ಟಳು. ಉರುಕುಂದಮ್ಮ ತಟ್ಟೆಯನ್ನು ದೂರ ತಳ್ಳಿದಳು.

‘ದೀಪ ಹಚ್ಚಿದಿರೇನು?’

ಭಾಗ್ಯ ಎದ್ದು ಜಗುಲಿಯ ದೇವರ ಮುಂದೆ ಕಡ್ಡಿ ಗೀರಿ ದೀಪ ಹಚ್ಚಿ ಬಂದಳು. ಉರುಕುಂದಮ್ಮ ಅತ್ತ ಕೈ ಮುಗಿದು, ರೊಟ್ಟಿ ಮುರಿದಳು.

‘ದಿನಕ್ಕ ಮೂರು ಸಲ ಹಿಂಗೇ ರೀ’ ಎಂದಳು ಭಾಗ್ಯ. ‘ಬ್ಯಾರೆ ಏನು ಹೇಳಿದ್ರೂ ತಿಳಿಯಂಗಿಲ್ಲ ಆಕಿಗೆ. ದೀಪ ಅಂದ್ರ ತಿಳಿತೈತಿ.’

ಈಗ ಹಬ್ಬದ ಸೀಸನ್ ಬಂದರೆ ಯಾರಾದರೂ ಒಬ್ಬರು ಕೇಳುತ್ತಾರೆ: ಸಾರ್, ನಿಮಗೆ ಅನುಭವ ಇದೆ, ಹಬ್ಬದಲ್ಲಿ ಆರೋಗ್ಯ ನೋಡಿಕೊಳ್ಳಲು ಏನು ಮಾಡಬೇಕು ಹೇಳಿ. ನಾನು ಬೋರ್ಡಿನ ಮಾತು ಹೇಳುವುದಿಲ್ಲ. ಮೊದಲು ನಿಮ್ಮ ಮನೆಯ ಪದ್ಧತಿ ಏನು, ನಿಮ್ಮ ಬಾಯಲ್ಲೇ ಹೇಳಿ ಎನ್ನುತ್ತೇನೆ. ಅವರು ಹೇಳಿ ಮುಗಿಸುವ ತನಕ ಕಾಯುತ್ತೇನೆ. ಮೂವತ್ತಮೂರು ವರ್ಷದ ನೌಕರಿ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಒಪ್ಪತ್ತನ್ನು ಬಿಡಿಸುವುದೇನೂ ಬೇಕಿರಲಿಲ್ಲ. ಆ ಗುರುವಾರ ಕಿಟಕಿಯಲ್ಲಿ ನಾನು, ಅಕ್ಕಾ, ಈ ತಿಂಗಳು ಗುಳಿಗಿ ದೀಪ ಹಚ್ಚಿದ ಮ್ಯಾಲೆ ನುಂಗು ಎಂದಿದ್ದರೆ, ಅವಳು ಒಂದು ದಿನವೂ ತಪ್ಪದೆ ಹಾಗೆಯೇ ನುಂಗುತ್ತಿದ್ದಳು.